ಪಾತಾಳೇಶ್ವರದಲ್ಲಿ ಹಾರುವ ತಟ್ಟೆ

ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೆಯುತ್ತೇನೆ.
ಜಂಗಲಿ ಮಹಾರಾಜ ರಸ್ತೆಯ ಹಾರ್ನುಗಳು
ಮೆಟ್ಟಿಲ ತನಕ ಬಂದು
ಚಪ್ಪಲಿಗಳ ಹಾಗೆ ಹೊರಗೇ ಉಳಿಯುತ್ತವೆ.
ಒಳಗೆ ಕರಿಕಲ್ಲು, ತಂಪು,
ಬಂಡೆಯ ಹೊಟ್ಟೆ ಬಗೆದು ಮಾಡಿದ ಗುಡಿ.
ಮುಂದೆ ನಂದಿಗೊಂದು ದುಂಡು ಮಂಟಪ.
ಅದರ ಕಂಬ ಎಣಿಸಲು ಹೋಗಿ
ಹನ್ನೊಂದು ವರ್ಷದಿಂದ ತಪ್ಪುತ್ತಿದ್ದೇನೆ.

ಭಾನುವಾರ ಕಾಲೇಜಿನ ಪೋರರು ಬರುತ್ತಾರೆ,
ಮೊಬೈಲು ಮೇಲೆತ್ತಿ ಮಂಟಪಕ್ಕೆ ಸುತ್ತು ಹಾಕುತ್ತಾರೆ.
"ನೋಡೋ, ಹಾರುವ ತಟ್ಟೆ. ಇಳಿದದ್ದೇ ಇಲ್ಲಿ."
ಆಮೇಲೆ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ.
ಆ ಮೌನ ನನಗೆ ಗೊತ್ತು.
ಲಿಂಗದ ಮುಂದೆ ನಿಂತವರಲ್ಲಿ ಈಚೆಗೆ ಅದು ಕಡಿಮೆ.

ಮೊನ್ನೆ ತಾಯಿಯ ಪರ್ಸು ಹಿಡಿದಿದ್ದ ಹುಡುಗಿಯೊಬ್ಬಳು
ಅರೆಬರೆ ಕೆತ್ತಿದ ಗೋಡೆ ನೋಡಿ ಕೇಳಿದಳು:
"ಅರ್ಧಕ್ಕೇ ಯಾಕೆ ಬಿಟ್ಟರು? ಪೆಟ್ರೋಲು ಮುಗಿಯಿತಾ?"
ಬಂಡೆಯಲ್ಲಿ ಸೀಳು ಸಿಕ್ಕಿತ್ತು ಅನ್ನುತ್ತಾರೆ ಓದಿದವರು.
ಕೂಲಿ ಮುಗಿದಿರಬೇಕು ಅನ್ನುವುದು ನಾನು.

ಢಮಾಲೆಯವರ ತೇಜಸ, ಪಾರ್ಸೆಲ್ಲು ಹಂಚುವ ಹುಡುಗ,
ದಿನಾ ಎರಡು ಗಂಟೆಗೆ ಮರದಡಿ ಭಾಕರಿಯ ಗಂಟು ಬಿಚ್ಚುತ್ತಾನೆ,
ಜೊತೆಗೊಂದು ಹೊಸ ಪುರಾವೆ.
ಈಜಿಪ್ಟಿನ ಗೋಡೆಯಲ್ಲಿ ಬಲ್ಬು. ಪೆರುವಿನ ಮರಳಲ್ಲಿ ರನ್‌ವೇ.
ಎಲ್ಲೋರದಲ್ಲಿ ಕಡಿದು ತೆಗೆದ ಕಲ್ಲೆಲ್ಲ ಎಲ್ಲಿ ಹೋಯಿತು, ಹೇಳಿ ಕಾಕಾ?
ಆಗ ಅವನ ಕಣ್ಣು ನೋಡಬೇಕು.
ಲಿಫ್ಟಿಲ್ಲದ ಆರನೇ ಮಹಡಿ ಹತ್ತಿ ಇಳಿದ ಕಣ್ಣಲ್ಲ ಅದು.

ಒಂದು ದಿನ ಕೈಹಿಡಿದು ಗೋಡೆಯ ಬಳಿ ಒಯ್ದೆ.
"ಉಳಿಯ ಗೆರೆ ನೋಡು. ಎಲ್ಲ ಒಂದೇ ಕಡೆ ಬಾಗಿವೆ.
ಈ ಮೂಲೆಯಲ್ಲಿ ಮಾತ್ರ ತಿರುಗುಮುರುಗು.
ಇವನು ಎಡಚ."
ನಮ್ಮಪ್ಪನೂ ಎಡಚ. ಇಂಡಿ ತಾಲೂಕಿನ ಊರೂರು ತಿರುಗಿ
ಬೀಸುಕಲ್ಲಿಗೆ ಮುಳ್ಳು ಹಾಕುತ್ತಿದ್ದ.
ಕತ್ತಲಲ್ಲಿ ಬೆರಳಾಡಿಸಿಯೇ ಅವ್ವ ಹೇಳುತ್ತಿದ್ದಳು,
ಇದು ಅವನು ಹೊಡೆದ ಕಲ್ಲು, ಇದು ಅಲ್ಲ.
"ಎರಡು ಮೊಳದ ತನಕ ಇವನ ಕೈ ಇದೆ, ತೇಜಸ. ಆಮೇಲೆ ಇಲ್ಲ.
ಸತ್ತನೋ, ಜಗಳಾಡಿ ಎದ್ದುಹೋದನೋ."

ಹುಡುಗ ಬೆರಳಿಟ್ಟು ನೋಡಿದ, ತುಂಬ ಹೊತ್ತು.
"ಹೆಸರೇನು ಅವನದು?"
ಗೊತ್ತಿಲ್ಲ.
"ನಿಮ್ಮವನಿಗೆ ಹೆಸರೂ ಇಲ್ಲ. ನನ್ನವರಿಗೆ
ಕಡೇ ಪಕ್ಷ ಒಂದು ಗಾಡಿಯಾದರೂ ಇದೆ."
ಇಬ್ಬರೂ ನಕ್ಕೆವು. ಆಮೇಲೆ ಅವನು ನಗದೆ ಅಂದ:
"ಮನುಷ್ಯರೇ ಮಾಡಿದ್ದಾದರೆ, ಕಾಕಾ,
ನಮ್ಮ ವಾಡೆಯ ನಳ ಯಾಕೆ ದೀಪಾವಳಿಯಿಂದ ಸೋರುತ್ತಿದೆ?
ಮನುಷ್ಯರನ್ನು ನಾನು ದಿನಾ ನೋಡುತ್ತೇನೆ.
ಬಾಗಿಲು ಇಷ್ಟೇ ತೆಗೆದು
ಕೈ ಮಾತ್ರ ಹೊರಗೆ ಚಾಚುತ್ತಾರೆ."

ಇದಕ್ಕೆ ನಾನೇನು ಹೇಳಲಿ.
ನಾನೇನು ಕಡಿಮೆಯವನೇ?
ರಾಷ್ಟ್ರಕೂಟರ ಕಾಲದ್ದಂತೆ ಎಂದು ಯಾರಾದರೂ ಅಂದರೆ ಸಾಕು,
"ನಮ್ಮ ಕಡೆಯವರು, ಮಾನ್ಯಖೇಟದವರು" ಎನ್ನುತ್ತ
ಯೂನಿಫಾರ್ಮಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತೇನೆ,
ಆ ರಾಜ ಎಂದೋ ಸುತ್ತಿಗೆ ಹಿಡಿದಿದ್ದ ಹಾಗೆ,
ಹಿಡಿದು ನನ್ನನ್ನು ಕೇಳಿದ್ದ ಹಾಗೆ.

ಸಂಜೆ ಎಲ್ಲರನ್ನೂ ಕಳಿಸಿದ ಮೇಲೆ
ಲೋಹಗಾಂವಿಗೆ ಇಳಿಯುವ ವಿಮಾನವೊಂದು
ಅಂಗಳದ ಮೇಲೆ ಕೆಂಪು ಮಿಣುಕಿಸುತ್ತ ಹೋಗುತ್ತದೆ.
ಬೀಗ ಕೈಯಲ್ಲೇ ಇರುತ್ತದೆ. ತಲೆ ತಾನಾಗಿ ಮೇಲೆ ಏಳುತ್ತದೆ.
ಯಾರಾದರೂ ಬರುವುದಿದ್ದರೆ ಬರಲಿ,
ಬಂದು ಇಷ್ಟು ಕೇಳಲಿ: ಇದನ್ನು ಕಾಯುತ್ತಿರುವವನು ಯಾರು?

ಮರುದಿನ ತೇಜಸ ಊಟಕ್ಕೂ ಮೊದಲೇ ಓಡಿ ಬಂದ.
"ರಾತ್ರಿಯೆಲ್ಲ ಯೋಚಿಸಿದೆ ಕಾಕಾ.
ಆ ಎಡಚರೇ ಮೇಲಿನಿಂದ ಬಂದವರಿರಬಹುದಲ್ಲ?"

ಅವ್ವನ ತವರಿನಲ್ಲಿ ಪಂಕ್ತಿಗೆ ಕೂತ ಅಪ್ಪ
ಎಡಗೈಯಲ್ಲಿ ತುತ್ತೆತ್ತಿದಾಗ
ಅಷ್ಟೂ ಜನ ಅವನನ್ನು ನೋಡಿದ್ದ ಬಗೆ ನೆನಪಾಯಿತು.

ಇರಬಹುದು, ಎಂದೆ.